ಹುಡುಕವ್ವನ ಸೋಗು

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಮೊಮ್ಮಗನ ಶಾಲೆಯ ಗ್ಯಾದರಿಂಗ್ ಇತ್ತು. ಅವನಿಗೆ ಸಾಧುವಿನ ಪಾತ್ರ. ಬಣ್ಣ ಹಚ್ಚುವ ಕೋಣೆಗೆ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲೊಬ್ಬ ಬಿಳಿಯ ಸಫೇದಾ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮಕ್ಕಳ ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಬಳಿಯುತ್ತಿದ್ದ. ಆ ಎಣ್ಣೆ, ಬೆವರು, ಟ್ರಂಕಿನಿಂದ ಆಗಷ್ಟೇ ತೆಗೆದ ಸೀರೆಗಳ ಮುಗ್ಗಲು, ಮೂರೂ ಸೇರಿ ಮೂಗಿಗೆ ಬಡಿದವು. ನಾನು ಹೊರಗೆ ಬಂದು ಕಂಪೌಂಡಿನ ಮೂಲೆಯಲ್ಲಿ ಬಗ್ಗಿ ನಿಂತೆ. ಮಗಳು ಓಡಿ ಬಂದು, "ಅಪ್ಪಾ, ಪಿತ್ತ ಆಗೇತೇನು?" ಎಂದಳು. ಹೌದು ಎಂದೆ. ಪಿತ್ತವೇ ಅದು, ಆದರೆ ಅವತ್ತಿನದಲ್ಲ. ಆ ವಾಸನೆ ಬಂದಾಗಲೆಲ್ಲ ಒಂದು ಊರಿನ ಒಂದು ಸುಗ್ಗಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಸಂಶಿಯ ಬಾಜುವಿನ ಒಂದು ಊರಿನ ದನದ ದವಾಖಾನೆಗೆ ನನ್ನನ್ನು ಸ್ಟಾಕ್‌ಮನ್ ಎಂದು ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ. ನಾನು ಕಲಘಟಗಿ ಕಡೆಯವನು, ಕೆಂಪು ಮಣ್ಣು, ಭತ್ತದ ಗದ್ದೆ ನೋಡಿ ಬೆಳೆದವನು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಎರೆ ಹೊಲ. ಮಳೆಗಾಲದಲ್ಲಿ ಆ ಕರಿ ಮಣ್ಣು ಕಾಲಿನ ಚಪ್ಪಲಿ ಕಿತ್ತು ತಾನೇ ಇಟ್ಟುಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಕಡಲೆ ಹೊಲದೊಳಗೆ ನಡೆದರೆ ಗಿಡದ ಹುಳಿ ಪಾದಕ್ಕೆ ಹತ್ತಿ ಉರಿಯುತ್ತಿತ್ತು. ಜನ ಮಾತ್ರ ಭಾರೀ ಒಳ್ಳೆಯವರು ಎಂದು ನಾನು ಊರಿಗೆ ಪತ್ರ ಬರೆದಿದ್ದೆ. ನಾನು ಡಾಕ್ಟರನಲ್ಲ, ಡಾಕ್ಟರರ ಕೈಕೆಳಗಿನವನು ಎಂದು ಎಷ್ಟು ಸಲ ತಿದ್ದಿದರೂ ಎಲ್ಲರೂ "ಡಾಕ್ಟರ್ರ" ಎಂದೇ ಕರೆದರು. ಆಮೇಲಾಮೇಲೆ ನನಗೂ ಅದು ಹಿತವೆನಿಸಿತು, ತಿದ್ದುವುದು ಬಿಟ್ಟೆ.

ದವಾಖಾನೆಯ ಪಡಸಾಲೆಗೆ ಹತ್ತಿಕೊಂಡೇ ಶಿವಪ್ಪ ಕಾಕಾನ ಮನೆಯ ಕಟ್ಟೆ. ಐವತ್ತು ದಾಟಿದ ರೈತ, ಹಣೆ ತುಂಬ ವಿಭೂತಿ, ಮುಂಜಾನೆ ಲಿಂಗಪೂಜೆ ಆಗದೆ ಚಹಾ ಮುಟ್ಟದವನು. ಅವನ ಜೋಡೆತ್ತಿನಲ್ಲಿ ಒಂದಕ್ಕೆ ಕಾಲುಬಾಯಿ ಬ್ಯಾನಿ ಬಂದಾಗ ಎರಡು ವಾರ ನಾನು ದಿನವೂ ಗೊರಸು ತೊಳೆದು ಔಷಧ ಹಚ್ಚಿದ್ದೆ. ಎತ್ತು ಎದ್ದು ನಿಂತಿತು. ಅಂದಿನಿಂದ ಕಾಕಾ ನನ್ನನ್ನು ಮನೆಯ ಮಗನಂತೆ ನೋಡಿಕೊಂಡ. ಸಂಜೆ ಅವನ ಕಟ್ಟೆಯ ಮೇಲೆ ಹರಟೆ. ನನಗೆ ಮೊದಲಿನಿಂದಲೂ ಅಣಕಿಸುವ ಚಟ. ನಮ್ಮ ದೊಡ್ಡ ಸಾಹೇಬರು ಸಗಣಿ ತುಳಿಯದಂತೆ ಪ್ಯಾಂಟು ಎತ್ತಿ ನಡೆಯುವುದನ್ನು ಮಾಡಿ ತೋರಿಸಿದರೆ ಕಟ್ಟೆಯ ಮೇಲಿದ್ದವರೆಲ್ಲ ಉರುಳಾಡಿ ನಗುತ್ತಿದ್ದರು. ಕಾಕಾ ಮಾತ್ರ ನಗದೆ, ಕಣ್ಣು ಕಿರಿದು ಮಾಡಿ, ದನದ ಸಂತೆಯಲ್ಲಿ ಹೋರಿ ನೋಡುವವನಂತೆ ನನ್ನನ್ನು ನೋಡುತ್ತಿದ್ದ.

ಊಟ ನೀಲಕ್ಕನ ಖಾನಾವಳಿಯಲ್ಲಿ. ಬಸ್ ನಿಲ್ಲುವ ಜಾಗದ ಹಿಂದೆ ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ನಾವು ಉಣ್ಣುವವರು, ಹಿಂದೆ ಒಲೆ. ಗಂಡ ಇಲ್ಲ, ಮಗಳು ರತ್ನಾ ಶಾಲೆಯಲ್ಲಿ ಏಳನೆಯ ಇಯತ್ತೆ. ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೈ ರುಚಿಗೆ ಮಾತೇ ಇಲ್ಲ. ಆದರೆ ನೀಲಕ್ಕನಷ್ಟು ಬಿಗಿಯಾದ ಹೆಂಗಸನ್ನು ನಾನು ನೋಡಿರಲಿಲ್ಲ. ಕೈ ಮೈಗೆ ಅಂಟಿಸಿಕೊಂಡು ಬಡಿಸುವಳು, ತಲೆ ಅತ್ತಿತ್ತ ಆಡಿಸುತ್ತಿರಲಿಲ್ಲ, ಮಾತು ಏರಿಳಿತವಿಲ್ಲದೆ ಬಂದು ಮುಗಿಯುತ್ತಿತ್ತು. ಎಡಗೆನ್ನೆಯ ಮೇಲೆ ಹಳೆಯ ಸುಟ್ಟ ಕಲೆ ಅಂಗೈ ಅಗಲ. ಅದನ್ನು ಆಕೆ ಸೆರಗಿನಿಂದ ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ಗರ್ವದ ಹೆಂಗಸು ಎಂದುಕೊಂಡಿದ್ದೆ. ರತ್ನಾ ಹೈಸ್ಕೂಲಿಗೆ ದಾಟಿಸುವ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದಳು. ಉಂಡಾದ ಮೇಲೆ ಅವಳ ಲೆಕ್ಕ ತಿದ್ದಿಕೊಡುತ್ತಿದ್ದೆ. ಹುಡುಗಿ ಚುರುಕು. ಸಂಶಿಗೆ ಹೋಗಿ ಹೈಸ್ಕೂಲು ಕಲಿಯುತ್ತೇನೆ, ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು. ಅವಳು ಹಾಗೆ ಅಂದಾಗ ಮಾತ್ರ ನೀಲಕ್ಕನ ಮುಖ ಸ್ವಲ್ಪ ಸಡಿಲಾಗುತ್ತಿತ್ತು.

ಹೋಳಿಯಲ್ಲಿ ಸೋಗು ಹಾಕುವುದು ಆ ಸೀಮೆಯ ದೊಡ್ಡ ಹುಚ್ಚು. ಕಾಮಣ್ಣನನ್ನು ಕೂಡಿಸಿದ ದಿನದಿಂದ ಬಣ್ಣದ ದಿನದವರೆಗೆ ಗಂಡಸರು ಪೊಲೀಸ, ಸಾವುಕಾರ, ಬಸುರಿ, ಹೆಣ, ಏನು ಬೇಕಾದರೂ ಆಗಿ ಹಲಗೆ ಬಾರಿಸುವವರ ಹಿಂದೆ ಓಣಿ ಓಣಿ ತಿರುಗುತ್ತಾರೆ. ಆ ದಿನಗಳಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗುವಂತಿಲ್ಲ. ಹೆಚ್ಚಿನ ಸೋಗುಗಳು ಆಯಾ ವರ್ಷ ಹುಟ್ಟಿ ಬಣ್ಣದ ನೀರಿನಲ್ಲಿ ತೊಳೆದುಹೋಗುತ್ತವೆ. ಈ ಊರಿನಲ್ಲಿ ಮಾತ್ರ ಒಂದು ಸೋಗು ಹನ್ನೆರಡು ವರ್ಷದಿಂದ ತಪ್ಪದೆ ಬರುತ್ತಿತ್ತು. ಅದರ ಹೆಸರು ಹುಡುಕವ್ವ, ಕಳೆದುಹೋದ ಗಂಡನನ್ನು ಹುಡುಕುವ ಹೆಂಗಸು. ಅದನ್ನು ಹಾಕುವವನು ನಮ್ಮ ಶಿವಪ್ಪ ಕಾಕಾ. ಹುಡುಕವ್ವನನ್ನು ನೋಡಲೆಂದೇ ಸುತ್ತಲಿನ ಹಳ್ಳಿಯವರು ಬರುತ್ತಿದ್ದರಂತೆ. ನಾನು ಆ ಊರಿಗೆ ಬಂದದ್ದು ಮಳೆಗಾಲದ ಹೊತ್ತಿಗೆ, ಹೋಳಿ ನೋಡಿರಲಿಲ್ಲ. ಆದರೆ ಹುಡುಕವ್ವನ ಕಥೆ ಕೇಳಿ ಕೇಳಿ ನೋಡಿದಷ್ಟೇ ಪರಿಚಯವಾಗಿತ್ತು.

ಸುಗ್ಗಿಯ ಹೊತ್ತಿಗೆ ಕಾಕಾ ಜೋಳದ ಕಣಿಕೆಯ ಬಣವಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ನಾಟಿ ವೈದ್ಯ ಬಂದು ಬಿದಿರಿನ ದಬ್ಬೆ ಕಟ್ಟಿ, ತತ್ತಿಯ ಲೋಳೆ ಮೆತ್ತಿ ಹೋದ. ನಾನು ನೋಡಲು ಹೋದಾಗ ಕಾಕಾ ಅರಳೆ ತುಂಬಿದ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಉಳಿದವರನ್ನೆಲ್ಲ ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡ.

"ಡಾಕ್ಟರ್ರ, ಈ ವರ್ಷ ಹುಡುಕವ್ವನ್ನ ನೀವು ಹೊರಬೇಕು."

"ಕಾಕಾರ, ನಾನು ಹೊರಗಿನಾಂವ. ಊರಾಗ ಇಷ್ಟು ಹುಡುಗ್ರು ಇದ್ದಾರಲ್ರಿ?"

"ಅವೆಲ್ಲ ಕುಣಿಯಾಕಷ್ಟ ಲಾಯಕ್ಕು. ನಿಮಗ ಕಣ್ಣೈತಿ. ನಿಮ್ಮ ಸಾಹೇಬ್ರ ನಡಿಗಿ ಮಾಡಿ ತೋರಿಸಿದ್ರಲ್ಲ, ಅವತ್ತ ನಾ ಮನಸಿನ್ಯಾಗ ಹಿಡದಿದ್ದೆ. ಹಾಕಿದ ಸೋಗು ನಡುವ ಬಿಟ್ರ ಊರಿಗೆ ಚಲೋ ಅಲ್ರಿ."

ನನಗೆ ಜಂಬ ಏರಿತು, ಸುಳ್ಳು ಹೇಳುವುದಿಲ್ಲ. ಹನ್ನೆರಡು ವರ್ಷದ ಸೋಗನ್ನು ಊರಿನ ಹುಡುಗರನ್ನೆಲ್ಲ ಬಿಟ್ಟು ನನಗೆ ಕೊಡುತ್ತಿದ್ದಾನೆ. ಕಾಕಾ ಹೆಂಡತಿಯಿಂದ ಒಂದು ಕಬ್ಬಿಣದ ಟ್ರಂಕು ತರಿಸಿ, ಅದರ ಮೇಲೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ನನ್ನ ಕೈಗೆ ಒಪ್ಪಿಸಿದ. ಒಳಗೆ ಚೌರಿ, ಗಾಜಿನ ಬಳೆ, ಸಫೇದಾ ಡಬ್ಬಿ, ಮಾಸಿದ ಹಸಿರು ಇಳಕಲ್ ಸೀರೆ. ಹೊಸಬ ಯಾರೆಂದು ಬಣ್ಣದ ದಿನದವರೆಗೆ ಯಾರಿಗೂ ಹೇಳಬಾರದು. ಸೆರಗಿನ ಒಳಗೆ ಇರುವವನು ಯಾರೆಂದು ಜನ ಕಂಡುಹಿಡಿಯಬೇಕು, ಅದರಲ್ಲೇ ಮಜಾ.

ದಿನವೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ಅರಳೆ ಕೋಣೆಯಲ್ಲಿ ಕಲಿಕೆ. ಅರಳೆ ತುಂಬಿದ ಕೋಣೆಯಿಂದ ದನಿ ಹೊರಗೆ ಹೋಗುವುದಿಲ್ಲ. ಹೊರಗೆ ಬಿಸಿಲು ಕಾದ ಹಂಚಾಗಿರುತ್ತಿತ್ತು, ಒಳಗೆ ತತ್ತಿಯ ಲೋಳೆ ಕೊಳೆತ ನಾತ, ಕಾಕಾನ ತಂಬಾಕಿನ ನಾತ, ಆ ಸೀರೆಯ ಮುಗ್ಗಲು. ಕಾಕಾ ಮಲಗಿದಲ್ಲಿಂದಲೇ ಬಾರುಕೋಲಿನಿಂದ ನನ್ನ ಮೊಣಕೈ, ಕುತ್ತಿಗೆ ತಟ್ಟಿ ತಿದ್ದುತ್ತಿದ್ದ. ಎಡಗೆನ್ನೆಗೆ ಸೆರಗು ಹಿಡಿಯಬೇಕು. ತಲೆ ಒಂದು ಬದಿಗೆ ವಾಲಬೇಕು. ಮಾತಿಗೆ ಮೊದಲು ಮೂಗು ಏರಿಸಬೇಕು. ಆಮೇಲೆ ತೆಳ್ಳಗಿನ ದನಿಯಲ್ಲಿ, "ಬಿಳೆ ಅಂಗಿರಿ, ಎದಿ ಮ್ಯಾಲಿನ ಕಿಸೆ ಹರದೈತ್ರಿ, ಕಂಡೀರೇನ್ರಿ?" ಎಂದು ಕೇಳಬೇಕು. ಆಮೇಲೆ ಒಬ್ಬೊಬ್ಬ ಗಂಡಸಿನ ಎದೆಗೆ ಕೈ ಹಾಕಿ ಕಿಸೆ ನೋಡುವುದು. ಬಣ್ಣದ ದಿನ ಯಾರು ಹೊಸ ಅಂಗಿ ಹಾಕುತ್ತಾರೆ? ಎಲ್ಲರ ಮೈಮೇಲೂ ಹರಕು. ಹರಿದ ಕಿಸೆ ಸಿಕ್ಕಿದ್ದೇ, "ಇಂವನ! ಇಂವನ ನನ್ನ ಗಂಡ!" ಎಂದು ಅವನ ಕೊರಳಿಗೆ ಬೀಳಬೇಕು. ಅವನು ಓಡುತ್ತಾನೆ, ಹುಡುಕವ್ವ ಬೆನ್ನು ಹತ್ತುತ್ತಾಳೆ, ಊರು ಹೊಟ್ಟೆ ಹಿಡಿದುಕೊಂಡು ನಗುತ್ತದೆ.

ನಾನು ಬೇಗ ಕಲಿತೆ. ಕಾಕಾ ಬಾರುಕೋಲು ಕೆಳಗಿಟ್ಟು, "ಆತ್ರಿ, ಇನ್ನ ನನಗ ಹೊಟ್ಟಿಕಿಚ್ಚು ಬರತೈತಿ" ಎಂದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಕಾಮಣ್ಣನನ್ನು ಕೂಡಿಸಲು ಇನ್ನೂ ಒಂದೆರಡು ದಿನ ಇತ್ತು. ಒಂದು ಹೋರಿಗೆ ಮೂಗುದಾರ ಚುಚ್ಚುವಾಗ ಅದು ತಲೆ ಕೊಡವಿ, ಕೋಡು ಸಿಕ್ಕಿ, ನನ್ನ ಅಂಗಿಯ ಕಿಸೆ ಹರಿದು ಜೋತುಬಿತ್ತು. ಹಾಗೆಯೇ ಊಟಕ್ಕೆ ಹೋದೆ. ಬೇರೆ ಯಾರೂ ಇರಲಿಲ್ಲ. ನೀಲಕ್ಕ ರೊಟ್ಟಿ ಹಿಡಿದು ಒಳಗಿಂದ ಬಂದವಳು ನನ್ನ ಎದೆಯ ಕಡೆ ನೋಡಿ ನಿಂತುಬಿಟ್ಟಳು. ಕೈ ತಾನಾಗಿ ಮೇಲೆದ್ದು ಸೆರಗನ್ನು ಎಡಗೆನ್ನೆಗೆ ಒಯ್ದಿತು. ತಲೆ ಬದಿಗೆ ವಾಲಿತು. ಮೂಗು ಏರಿಸಿ, ತೆಳ್ಳಗಿನ ದನಿಯಲ್ಲಿ, "ಕಿಸೆ ಹರದೈತಲ್ರಿ" ಎಂದಳು.

ನಾನು ಬಾಯಿ ತುಂಬ ನಕ್ಕೆ. ಇಷ್ಟು ಬಿಗಿ ಹೆಂಗಸಿನೊಳಗೆ ಇಂಥ ಕಲೆ ಇದೆಯಲ್ಲ ಎಂದು ನನಗೆ ಖುಷಿಯೋ ಖುಷಿ. "ಅಕ್ಕಾರ, ಹುಡುಕವ್ವನ್ನ ಅಗದಿ ಬರೋಬರಿ ಮಾಡಿದ್ರಿ! ಶಿವಪ್ಪ ಕಾಕಾರು ನಿಮಗೂ ಕಲಿಸ್ಯಾರೇನು? ಯಾರಿಗೂ ಹೇಳಬ್ಯಾಡ್ರಿ ಮತ್ತ, ಈ ವರ್ಷ ನಾನ ಹುಡುಕವ್ವ."

ಆಕೆಯ ಕೈಯೊಳಗಿನ ರೊಟ್ಟಿ ಮುರಿದು ಕೆಳಗೆ ಬಿತ್ತು. ಒಳಗೆ ಹಂಚಿನ ಮೇಲಿದ್ದದ್ದು ಸೀಯುವ ವಾಸನೆ ಬಂದರೂ ಆಕೆ ಅಲುಗಲಿಲ್ಲ.

"ನನಗ ಯಾರು ಕಲಸ್ತಾರ್ರಿ," ಎಂದಳು. "ಅಕಿ ನಾನ ರೀ."

ನನಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ತಟ್ಟೆ ಬದಿಗೆ ಸರಿಸಿದೆ. ನೀಲಕ್ಕ ಗೋಡೆಗೆ ಒರಗಿ ಕುಳಿತು, ನನ್ನ ಮುಖ ನೋಡದೆ ಹೇಳಿದಳು. ಗಂಡ ಅರಳೆ ಲಾರಿಯ ಮೇಲೆ ಸೊಲ್ಲಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ. ಆಗ ರತ್ನಾ ಎದೆಹಾಲು ಕುಡಿಯುವ ಕೂಸು. ಹೋಗುವ ಮುಂಜಾನೆ ಅವನ ಕಿಸೆ ಹರಿದಿತ್ತು, ಹೊಲಿದು ಕೊಡುತ್ತೇನೆ ಎಂದಿದ್ದಳು, ಲಾರಿಯವನು ಅವಸರ ಮಾಡಿದ. ಅದೇ ಗುರುತು ಹೇಳಿಕೊಂಡು ದಿನವೂ ಬಸ್ಸಿನವರನ್ನು, ಲಾರಿಯವರನ್ನು ಕೇಳಿದಳು. ಕೆನ್ನೆಯ ಕಲೆ ಪರ ಊರಿನವರಿಗೆ ಕಾಣಬಾರದೆಂದು ಸೆರಗು ಹಿಡಿಯುತ್ತಿದ್ದಳು. ಅದರ ಮುಂದಿನ ಹೋಳಿಯ ಹೊತ್ತಿಗೆ ಶಿವಪ್ಪನ ಹೆಂಡತಿ ಬಂದು, ಮನೆಯವರು ಏನೋ ಸೋಗು ಹಾಕುತ್ತಾರಂತೆ, ಒಂದು ಹಳೆಯ ಸೀರೆ ಕೊಡವ್ವಾ ಎಂದು ಕೇಳಿದಳು. ಇವಳು ಹಸಿರು ಇಳಕಲ್ ಸೀರೆ ಕೊಟ್ಟಳು.

"ಮೊದಲ ಕೆನ್ನಿ ಮುಚ್ಚೂದು ಬಿಟ್ನಿರಿ. ಆಮ್ಯಾಲ ಬಸ್ಸಿಗೆ ಹೋಗಿ ಕೇಳೂದು ಬಿಟ್ಟೆ. ಆಮ್ಯಾಲ ಮಾತಾಡೂದ ಬಿಟ್ಟೆ. ನಾ ಏನೇನು ಬಿಟ್ಟೆ ಅದನ್ನೆಲ್ಲ ಅಂವ ಇಟ್ಕೊಂಡ."

"ನನಗ ಗೊತ್ತಿರಲಿಲ್ಲ ಅಕ್ಕಾರ."

"ನಿಮಗ ಯಾರು ಹೇಳ್ತಾರ್ರಿ. ಎಲ್ಲಾರಿಗೂ ಗೊತ್ತಿದ್ದದ್ದು ಯಾರೂ ಹೇಳೂದಿಲ್ಲ." ಬಿದ್ದ ರೊಟ್ಟಿಯ ಚೂರು ಆರಿಸುತ್ತ, "ಶಿವಪ್ಪ ಕಾಕಾ ಬಿದ್ದ ಅಂತ ಸುದ್ದಿ ಕೇಳಿ ನಾ ಕಾಯಿ ಒಡಿಸಿದ್ನಿರಿ. ಒಬ್ಬರ ಕಾಲು ಮುರೀತು ಅಂತ ದೇವರಿಗೆ ಕಾಯಿ! ಇಷ್ಟು ಕೆಟ್ಟ ಮನಸು ಆಗೇತಿ ನಂದು. ರತ್ನಾ ಹೇಳ್ಯಾಳ್ರಿ, ಈ ವರ್ಷ ಹುಡುಕವ್ವ ಬಂದ್ರ ಮುಲ್ಕಿಗೆ ಕೂಡೂದಿಲ್ಲ ಅಂತ. ಸಾಲ್ಯಾಗ ಅಕಿಗೆ ಹೆಸರ ಇಲ್ಲ. ಹುಡುಕವ್ವನ ಮಗಳು ಅಂತಾರ. ಪ್ರತಿ ವರ್ಷ ಹೋಳಿ ಆದಮ್ಯಾಲ ಅಕಿನ್ನ ಸಾಲಿಗೆ ಕಳಿಸೂದ್ರಾಗ ನನ್ನ ಜೀವ ಹೋಗತೈತಿ" ಎಂದಳು.

ಬಿಸಿಲಲ್ಲಿ ಚಪ್ಪಲಿಯನ್ನೂ ಮರೆತು ನಡೆದೆ. ಮೈಗೆಲ್ಲ ಏನೋ ಮೆತ್ತಿಕೊಂಡಂತೆ ಅಸಹ್ಯ. ಆ ಸೀರೆಯನ್ನು ನಾನು ಉಟ್ಟಿದ್ದೆ. ಆ ಹೆಂಗಸಿನ ಕೈಯ ಅನ್ನ ಉಂಡು ಹೋಗಿ, ಅವಳ ತಲೆ ಎಷ್ಟು ವಾಲಬೇಕು ಎಂದು ಕನ್ನಡಿಯ ಮುಂದೆ ಅಳೆದಿದ್ದೆ. ಟ್ರಂಕು ಹೊತ್ತುಕೊಂಡು ಹೋಗಿ ಕಾಕಾನ ಹೊರಸಿನ ಪಕ್ಕದಲ್ಲಿ ಕುಕ್ಕಿದೆ.

"ಹುಡುಕವ್ವ ಅಂದ್ರ ನೀಲಕ್ಕ ಅಂತ ಯಾಕ ಹೇಳಲಿಲ್ರಿ?"

ಕಾಕಾ ಬೆಚ್ಚಿಬೀಳಲಿಲ್ಲ, ನಾಚಲೂ ಇಲ್ಲ. "ಅದರಾಗ ಹೇಳೂದೇನೈತ್ರಿ? ಊರಿಗೆಲ್ಲ ಗೊತ್ತೈತಿ."

"ಅಕಿಗೆ ನೋವಾಗೂದಿಲ್ಲೇನ್ರಿ?"

"ಹೋಳ್ಯಾಗ ಎಂಥಾ ನೋವು? ಗೌಡ್ರ ಸೋಗು ಹಾಕ್ತಾರ, ಗೌಡ್ರ ನಿಂತು ನಗತಾರ, ಮ್ಯಾಲ ಚಹಾ ಕುಡಸ್ತಾರ."

"ಗೌಡ್ರು ಮರುದಿನ ಮತ್ತ ಗೌಡ್ರ ಆಗ್ತಾರಲ್ರಿ. ಅಕಿ ಆಗ್ಯಾಳೇನು?"

ಅವನು ತಂಬಾಕು ಉಗುಳಿ, ಬಾಯಿ ಒರೆಸಿಕೊಂಡು, ಬಹಳ ಸಮಾಧಾನದಿಂದ ನನಗೆ ತಿಳಿಹೇಳಿದ. "ಡಾಕ್ಟರ್ರ, ನೀವು ಓದಿದವರು, ವಿಚಾರ ಮಾಡ್ರಿ. ಅಕಿ ಒಂದೆರಡು ವರ್ಷ ಹುಡಿಕಿ ಬಿಟ್ಲು. ನಾನು ಹನ್ನೆರಡು ವರ್ಷ ಹುಡಿಕೀನಿ. ಹುಡುಕವ್ವ ಈಗ ಯಾರಾಕಿ, ಹೇಳ್ರಿ? ಅಕಿ ಗಂಡನ್ನ ಈ ಊರು ನೆನಪಿಟ್ಟಿದ್ದ ನನ್ನಿಂದ. ಸುಗ್ಗಿ ಆತಂದ್ರ ಅಕಿ ಮನಿಗೆ ನಾ ಒಂದು ಚೀಲ ಜೋಳ ಕಳಸ್ತೀನಿ, ಕೇಳ್ರಿ ಬೇಕಾರ."

ಆ ಜೋಳದ ರೊಟ್ಟಿಯನ್ನೂ ನಾನು ಉಂಡಿದ್ದೆ. ದುಷ್ಟನಾದರೆ ಬೈಯಬಹುದಿತ್ತು. ಹಣೆಯ ವಿಭೂತಿ, ಆ ಸಮಾಧಾನ, ಆ ಜೋಳದ ಚೀಲ, ಇವುಗಳಿಗೆ ಏನು ಹೇಳುವುದು? ನಾನು ಸೋಗು ಹಾಕುವುದಿಲ್ಲ ಎಂದೆ. ತಾಂಬೂಲ ಹಿಡಿದು ಒಪ್ಪಿಕೊಂಡ ಸೋಗನ್ನು ತಿರುಗಿ ಕೊಟ್ಟವರು ಆ ಊರಿನಲ್ಲಿ ಯಾರೂ ಇರಲಿಲ್ಲವಂತೆ. ಕಾಕಾನ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಇಟ್ಟುಕೊಂಡಳು. ನಾನು ಓಣಿಯ ಹಿರಿಯರ ಬಳಿಗೂ ಹೋದೆ. ಒಬ್ಬರು ನಕ್ಕರು, ಇನ್ನೊಬ್ಬರು ಇದು ಊರ ಪದ್ಧತಿ ಎಂದರು, ಮತ್ತೊಬ್ಬರು ಪರಸ್ಥಳದವರು ಇಂಥದ್ದರಲ್ಲಿ ಬಾಯಿ ಹಾಕಬಾರದು ಎಂದು ನನ್ನ ಬೆನ್ನು ಸವರಿ ಕಳಿಸಿದರು.

ನೀಲಕ್ಕನಿಗೆ ಮಾತ್ರ, "ನಾನು ಬಿಟ್ಟೀನ್ರಿ, ಇನ್ನ ಯಾರಿಗೂ ಕಲಸಾಕ ಹೊತ್ತಿಲ್ಲ, ಈ ವರ್ಷ ಬರೂದಿಲ್ಲ" ಎಂದು ಧೈರ್ಯದಿಂದ ಹೇಳಿದೆ. ರತ್ನಾ ಆ ಸಂಜೆ ಗಟ್ಟಿಯಾಗಿ ಪದ್ಯ ಓದಿದಳು. ನನ್ನ ಲೆಕ್ಕ ಎಷ್ಟು ದಡ್ಡತನದ್ದು ಎಂದು ಆಮೇಲೆ ತಿಳಿಯಿತು. ಹನ್ನೆರಡು ವರ್ಷ ನೋಡಿದವರಿಗೆ ಕಲಿಸುವುದೇನಿತ್ತು? ಆ ಊರಿನ ತೊಟ್ಟಿಲ ಕೂಸಿಗೂ ಹುಡುಕವ್ವನನ್ನು ಮಾಡಲು ಬರುತ್ತಿತ್ತು.

ಬಣ್ಣದ ದಿನ ದವಾಖಾನೆಗೆ ರಜೆ. ನಾನು ಪಡಸಾಲೆಯಲ್ಲೇ ಕುಳಿತಿದ್ದೆ. ಅದೇ ಹರಕು ಕಿಸೆಯ ಅಂಗಿ, ಬಣ್ಣಕ್ಕೆ ಬೇರೆ ಇರಲಿಲ್ಲ. ಬಾಜು ಕಟ್ಟೆಯ ಮೇಲೆ ಕಾಕಾನನ್ನು ಹೊರಸು ಸಮೇತ ತಂದು ಇರಿಸಿದ್ದರು, ಸೋಗು ಅವನ ಮುಂದೆ ಹಾದುಹೋಗಲಿ ಎಂದು. ಹಲಗೆಯ ಸದ್ದು ಹತ್ತಿರವಾಯಿತು. ಗಂಡಸರ ಮುಖ ಮೂತಿ ಒಂದೂ ತಿಳಿಯದಂತೆ ಬಣ್ಣ, ಬಾಯಿಯಿಂದ ಸೆರೆಯ ನಾತ, ಕೇಕೆ. ನಡುವೆ ಹಸಿರು ಇಳಕಲ್ ಸೀರೆ. ಹಿಟ್ಟಿನ ಗಿರಣಿಯ ಮಲ್ಲೇಶಿ ಎಂಬವನು ಅದರೊಳಗಿದ್ದ. ಎದೆ ಕುಣಿಸಿ, ಕಣ್ಣು ಹೊಡೆದು, ಗಂಡಸರ ಅಂಗಿಯೊಳಗೆ ಕೈ ಹಾಕಿ ಕಿರಿಚುತ್ತಿದ್ದ. ನೋಡುವುದಕ್ಕೇ ಹೇಸಿಗೆ. ಕಾಕಾ ಹೊರಸಿನ ಮೇಲೆ ಎದ್ದು ಕುಳಿತು, "ತಲಿ ವಾಲಸಲೇ, ತಲಿ!" ಎಂದು ಕೂಗಿ ತಿದ್ದುತ್ತಿದ್ದ.

ಆಗ ಬಸ್ ನಿಲ್ಲುವ ಕಡೆಯಿಂದ ನೀಲಕ್ಕ ಬಂದಳು. ಬಣ್ಣದ ದಿನ ಆ ಊರಿನ ಹೆಂಗಸರು ಹೊಸ್ತಿಲು ದಾಟುತ್ತಿರಲಿಲ್ಲ. ಜನ ಸರಿದು ದಾರಿ ಬಿಟ್ಟರು. ಆಕೆ ನೇರ ಹೋಗಿ ಮಲ್ಲೇಶಿಯ ಮುಂದೆ ನಿಂತಳು. ಹಲಗೆ ನಿಂತಿತು.

"ಆ ಸೀರಿ ನಂದು," ಎಂದಳು, ತನ್ನ ಏರಿಳಿತವಿಲ್ಲದ ದನಿಯಲ್ಲಿ. "ಇಷ್ಟು ವರ್ಷ ಇಟ್ಕೊಂಡ್ರಿ, ಸಾಕು. ನನಗ ಕೊಡ್ರಿ."

ಯಾರೋ ಕಿಸಕ್ಕೆಂದರು. ಅದು ಆಕೆಗೆ ಕೇಳಿತು. ಅಷ್ಟು ವರ್ಷ ಬಿಗಿಹಿಡಿದದ್ದು ಅಲ್ಲಿ ಸಡಿಲಿತು. ಕೈ ಎದ್ದು ಸೆರಗನ್ನು ಕೆನ್ನೆಗೆ ಒಯ್ದಿತು, ತಲೆ ವಾಲಿತು, ಮೂಗು ಏರಿತು, "ಕೊಡ್ರಿ ನನ್ನ ಸೀರಿ" ಎಂಬ ಮಾತು ಆ ತೆಳ್ಳಗಿನ ದನಿಯಲ್ಲಿ ಬಂತು. ಊರು ಹೋ ಎಂದು ಒಡೆಯಿತು. "ಎರಡು ಹುಡುಕವ್ವ! ಎರಡು ಹುಡುಕವ್ವ!" ಮಲ್ಲೇಶಿಗೆ ಎಲ್ಲಿಲ್ಲದ ಹುರುಪು ಬಂತು. ಅವನೂ ಕೆನ್ನೆಗೆ ಸೆರಗು ಹಿಡಿದು, "ಕೊಡ್ರಿ ನನ್ನ ಸೀರಿ" ಎಂದ. ಆಕೆ ಏನಂದರೆ ಅವನು ಅದನ್ನೇ ಅಂದ. ಆಕೆ ಕೈ ಮುಗಿದಳು, ಅವನೂ ಮುಗಿದ. ಹಲಗೆಯವರು ಅದಕ್ಕೆ ಸರಿಯಾಗಿ ಬಾರಿಸತೊಡಗಿದರು.

ನಾನು ಪಡಸಾಲೆಯಿಂದ ಇಳಿದು ಗುಂಪಿನೊಳಗೆ ನುಗ್ಗಿದೆ. "ಅಕ್ಕಾರ, ನಡೀರಿ ಮನಿಗೆ" ಎಂದು ಕರೆದೆ.

ಯಾವನೋ ನನ್ನ ಹರಕು ಕಿಸೆ ಹಿಡಿದು ಎತ್ತಿ ತೋರಿಸಿದ. "ಗಂಡ ಸಿಕ್ಕಾನಲೇ! ಡಾಕ್ಟರ್ರ ಗಂಡ!" ನನ್ನ ತಲೆಯ ಮೇಲೆ ಕೊಡದ ಬಣ್ಣ ಬಿತ್ತು, ಬೆನ್ನಿಗೆ ಕೈ ಹಾಕಿ ನನ್ನನ್ನು ಆಕೆಯ ಮೇಲೆ ದೂಡಿದರು. ಬಣ್ಣದ ನೀರು ಬಾಯೊಳಗೆ ಹೋಗಿ ಕಹಿಯಾಯಿತು. ಮುಂದೆ ಒಂದು ಹೆಜ್ಜೆ ಇಟ್ಟರೆ ಆಕೆಯ ಹೆಸರು ಇನ್ನಷ್ಟು ಕೆಡುತ್ತದೆ ಎಂದು ಹೊಳೆದು ನಾನು ಹಿಂದೆ ಸರಿದೆ. ಏನು ಮಾಡಿದರೂ ಆ ಊರು ಅದನ್ನು ಆಟದೊಳಗೆ ಎಳೆದುಕೊಳ್ಳುತ್ತಿತ್ತು.

ನೀಲಕ್ಕ ರಸ್ತೆಯ ಕೆಸರಿನಲ್ಲಿ ಕುಸಿದು ಕುಳಿತು ಅತ್ತಳು. ಸಣ್ಣ ಅಳುವಲ್ಲ, ಎದೆ ಬಡಿದುಕೊಂಡು, ಗಂಡನ ಹೆಸರು ಹಿಡಿದು ಅತ್ತಳು. ಆ ಹೆಸರನ್ನು ಆಕೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮಲ್ಲೇಶಿ ಅದನ್ನೂ ಮಾಡಲು ಹೋಗಿ ನಡುವೆ ಬಿಟ್ಟ. ನಗು ಅಲ್ಲಲ್ಲಿ ಕಡಿಮೆಯಾಯಿತು. ಹಲಗೆಯವರಿಗೆ ಏನು ಬಾರಿಸಬೇಕೋ ತಿಳಿಯಲಿಲ್ಲ. ರತ್ನಾ ಓಡಿ ಬಂದಳು, ಯಾರ ಮುಖವನ್ನೂ ನೋಡದೆ ಅವ್ವನನ್ನು ಎಬ್ಬಿಸಿ, ಹೆಗಲು ಹಿಡಿದು ಕರೆದುಕೊಂಡು ಹೋದಳು. ಆ ವರ್ಷ ಅವಳು ಮುಲ್ಕಿಗೆ ಕೂಡಲಿಲ್ಲ. ಮುಂದಿನ ವರ್ಷವೂ ಇಲ್ಲ. ಒಲೆಯ ಮುಂದೆ ಅವ್ವನ ಪಕ್ಕದಲ್ಲಿ ರೊಟ್ಟಿ ಬಡಿಯುವುದಕ್ಕೆ ಕುಳಿತಳು.

ಗುಂಪು ಮುಂದಿನ ಓಣಿಗೆ ಹೊರಟಿತು. ನಾನು ಮುಖದ ಬಣ್ಣ ಒರೆಸಿಕೊಳ್ಳುತ್ತ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತೆ. ಬಾಜು ಕಟ್ಟೆಯಿಂದ ಕಾಕಾ ಕರೆದ. ಅವನ ಮುಖದಲ್ಲಿ ಬೇಸರವಿತ್ತು. ಒಂದು ಕ್ಷಣ ನನಗೆ ಆಸೆ ಹುಟ್ಟಿತು.

"ನೋಡಿದ್ರೇನ್ರಿ ಡಾಕ್ಟರ್ರ?" ಎಂದ. "ಮದಲ ಚಲೋ ಮಾಡಿದ್ಲು. ಕಡೀಕ ಕೆಡಿಸಿಬಿಟ್ಲು. ಅಷ್ಟು ಖರೇ ಅಳಬಾರದ್ರಿ, ಮಂದಿಗೆ ನಗಿ ಬರೂದಿಲ್ಲ. ನನ್ನ ಕಾಲು ನೆಟ್ಟಗಾಗ್ಲಿ, ಹ್ಯಾಂಗ ಅಳಬೇಕು ಅಂತ ಮುಂದಿನ ವರ್ಷ ನಾ ಅಕಿಗೆ ತೋರಸ್ತೀನಿ."